ಮೊಡವೆಗೆ ಮನೆಮದ್ದು: ಮುಖಕ್ಕೆ ಯಾವುದು, ಅಡುಗೆಮನೆಯಲ್ಲೇ ಇರಬೇಕಾದದ್ದು ಯಾವುದು

ಮೊಡವೆ ಹುಟ್ಟುವುದು ಚರ್ಮದ ಮೇಲಲ್ಲ, ಕೂದಲಿನ ರಂಧ್ರದ ಒಳಗೆ. ಅಲ್ಲಿನ ಗ್ರಂಥಿ ಸುರಿಸುವ ಜಿಡ್ಡಿಗೆ, ಉದುರದೆ ಉಳಿದ ಸತ್ತ ಜೀವಕೋಶಗಳು ಅಂಟಿಕೊಂಡು ರಂಧ್ರದ ಬಾಯಿಗೆ ಬಿರಡೆ ಬೀಳುತ್ತದೆ. ಅದರ ಕೆಳಗೆ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಆಮೇಲೆ ಕೆಂಪು, ಊತ, ಕೀವು. ಮನೆಮದ್ದು ನಾಟುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಹಚ್ಚಿದ್ದು ಆ ಬಿರಡೆಯ ತನಕ ಇಳಿಯಬೇಕು, ಇಳಿಯುವಷ್ಟರಲ್ಲಿ ಮೇಲಿನ ಚರ್ಮ ಸುಡಬಾರದು. ಅಡುಗೆಮನೆಯ ಹೆಚ್ಚಿನ ಸಾಮಾನು ಈ ಎರಡರಲ್ಲಿ ಒಂದರಲ್ಲಿ ಸೋಲುತ್ತದೆ.

ಕಪ್ಪು ಅಥವಾ ಬಿಳಿ ತಲೆಯ ಸಣ್ಣ ಗುಳ್ಳೆಗಳು, ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಮೊಡವೆ, ಇಷ್ಟೇ ಇದ್ದರೆ 8 ವಾರ ಮನೆಯಲ್ಲೇ ಪ್ರಯತ್ನಿಸಬಹುದು. ಮುಟ್ಟಿದರೆ ಒಳಗೆ ಗಂಟು ಸಿಗುತ್ತಿದ್ದರೆ, ನೋಯುತ್ತಿದ್ದರೆ, ವಾಸಿಯಾದ ಕಡೆ ಗುಳಿ ಬೀಳುತ್ತಿದ್ದರೆ ಯಾವ ಮನೆಮದ್ದೂ ಸಾಲದು.

ಮಳೆಗಾಲದಲ್ಲಿ ಇನ್ನೊಂದು ಮೋಸವಿದೆ. ಹಣೆ, ಎದೆ, ಬೆನ್ನಿನ ಮೇಲೆ ಸಾಸಿವೆ ಚೆಲ್ಲಿದಂತೆ ಒಂದೇ ಅಳತೆಯ ಗುಳ್ಳೆಗಳೆದ್ದು ತುರಿಸುತ್ತಿದ್ದರೆ ಅದು ಮೊಡವೆಯಲ್ಲದೆ ಮಲಸೇಜಿಯಾ ಎಂಬ ಬೂಷ್ಟಿನ ಕೆಲಸ ಇರಬಹುದು. ಮೊಡವೆಗಿಂತ ಇದು ಹೆಚ್ಚು ತುರಿಸುತ್ತದೆ. ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಒಣಗದ ಬನಿಯನ್ ಹಾಗೇ ಹಾಕಿಕೊಂಡು, ಮೇಲೊಂದು ಪ್ಲಾಸ್ಟಿಕ್ ರೇನ್‌ಕೋಟ್ ಹೊದ್ದು ದಿನವಿಡೀ ತೋಟದಲ್ಲಿ ಬೆವರಿದರೆ ಆ ಬೂಷ್ಟಿಗೆ ಬೇಕಾದ ಬೆಚ್ಚನೆಯ ತೇವ ಸಿಕ್ಕಿತು. ಇದಕ್ಕೆ ಬೂಷ್ಟಿನ ಔಷಧಿಯೇ ಬೇಕು, ವೈದ್ಯರನ್ನು ಕೇಳಿ. ಎಣ್ಣೆ ಮಾತ್ರ ಹಚ್ಚಬೇಡಿ. ಅದು ಬದುಕುವುದೇ ಜಿಡ್ಡು ತಿಂದು.

ತೊಳೆಯುವುದು

ಹೆಚ್ಚಿನವರು ಎಡವುವುದು ಇಲ್ಲಿ. ಚಳಿಗೆ ಹಂಡೆಯ ನೀರನ್ನು ಹಬೆಯಾಡುವಂತೆಯೇ ಮುಖಕ್ಕೆ ಎರಚಿ, ಮೈಸೋಪಿನಲ್ಲಿ ತಿಕ್ಕಿ, ಚರ್ಮ ಬಿಗಿಯಾದರೆ ಸ್ವಚ್ಛವಾಯಿತು ಅಂದುಕೊಳ್ಳುತ್ತಾರೆ. ಬಿಗಿತ ಎಂದರೆ ಚರ್ಮದ ರಕ್ಷಣೆಯ ಪದರ ಹರಿದಿದೆ ಎಂದರ್ಥ; ಆಮೇಲೆ ಹಚ್ಚಿದ್ದೆಲ್ಲ ಉರಿಯುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಫೇಸ್‌ವಾಶ್, ಬೆಳಿಗ್ಗೆ ರಾತ್ರಿ ಒಂದೊಂದು ಸಲ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಿಂದ ಬಂದ ಕೂಡಲೇ ಇನ್ನೊಂದು ಸಲ. ತಲೆಗೆ ಕಟ್ಟುವ ಬಟ್ಟೆ ಹಣೆಗೆ ಉಜ್ಜುವ ಜಾಗದಲ್ಲೇ ಸಾಲಾಗಿ ಗುಳ್ಳೆ ಏಳುತ್ತಿದ್ದರೆ ಆ ಬಟ್ಟೆಯನ್ನು ದಿನಾ ಒಗೆಯಿರಿ. ಮುಖಕ್ಕೆ ಬೇರೆ ಚಿಕ್ಕ ಟವೆಲ್ ಇರಲಿ. ಮಳೆಯಲ್ಲಿ ಒಣಗದಿದ್ದರೆ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ.

ನಿಜಕ್ಕೂ ಆಧಾರವಿರುವುದು

ಗಿಡಮೂಲದ ಮದ್ದುಗಳಲ್ಲಿ ಟೀ ಟ್ರೀ ಎಣ್ಣೆಯಷ್ಟು ಆಧಾರವಿರುವುದು ಬೇರೆ ಇಲ್ಲ. ಹೆಸರು ಕೇಳಿ ನಮ್ಮ ಚಹಾ ಗಿಡ ಅಂದುಕೊಳ್ಳಬೇಡಿ, ಇದು ಆಸ್ಟ್ರೇಲಿಯಾದ ಬೇರೆಯೇ ಮರ. ಅಲ್ಲೇ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶೇ 5ರ ಟೀ ಟ್ರೀ ಜೆಲ್ಲನ್ನು ಶೇ 5ರ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮೊಡವೆಯ ಔಷಧಿಯ ಜೊತೆ ಹೋಲಿಸಿದರು. ಎರಡರಿಂದಲೂ ಮೊಡವೆ ತಗ್ಗಿತು. ಟೀ ಟ್ರೀ ನಿಧಾನ, ಆದರೆ ಉರಿ ಕಡಿಮೆ. ಗಮನಿಸಬೇಕಾದ್ದು ಆ ಶೇ 5. ಬಾಟಲಿಯಿಂದ ನೇರವಾಗಿ ಹಚ್ಚಿದರೆ ಚರ್ಮ ಸುಟ್ಟು ಸಿಪ್ಪೆ ಏಳಬಹುದು.

ಬೆರೆಸುವ ಲೆಕ್ಕ ಹೀಗೆ: ಒಂದು ಟೀ ಚಮಚ, ಅಂದರೆ 5 ಎಂಎಲ್ ಲೋಳೆಸರದ ಜೆಲ್ಲಿಗೆ 5 ಹನಿ ಎಣ್ಣೆ. ನೀರಿಗೆ ಹಾಕಿದರೆ ಎಣ್ಣೆ ತೇಲುತ್ತದೆ, ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಉರಿ. ಮೊದಲು ಮೊಣಕೈ ಒಳಮಡಿಕೆಯಲ್ಲಿ ಬಟಾಣಿಯಷ್ಟು ಹಚ್ಚಿ 2 ದಿನ ನೋಡಿ. ಕೆಂಪಾಗದಿದ್ದರೆ ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಸವರಿ. ಕಣ್ಣಿನ ಸುತ್ತ, ತುಟಿ ಬೇಡ. ಗಾಳಿ ಬೆಳಕು ತಾಗಿ ಹಳತಾದ ಎಣ್ಣೆಯಿಂದಲೇ ಅಲರ್ಜಿ ಹೆಚ್ಚು, ಆದ್ದರಿಂದ ಗಾಢ ಬಣ್ಣದ ಚಿಕ್ಕ ಬಾಟಲಿಯನ್ನೇ ಕೊಳ್ಳಿ. ಹೊಟ್ಟೆಗೆ ಹೋದರೆ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ.

ಲೋಳೆಸರವನ್ನು ಹಿತ್ತಿಲಿನಿಂದ ತಂದರೆ ಎಸಳಿನ ಬುಡ ಕತ್ತರಿಸಿ ಲೋಟದಲ್ಲಿ 15 ನಿಮಿಷ ನೆಟ್ಟಗೆ ನಿಲ್ಲಿಸಿ. ಹಳದಿ ರಸ ಇಳಿದು ಹೋಗಲಿ, ತುರಿಕೆ ತರುವುದು ಅದೇ. ಆಮೇಲೆ ಸಿಪ್ಪೆ ಹೆರೆದು, ಒಳಗಿನ ತಿರುಳನ್ನು ತೊಳೆದು ಮಿಕ್ಸಿಯಲ್ಲಿ ಒಂದು ಸುತ್ತು. ಫ್ರಿಜ್ಜಿನಲ್ಲಿ 3 ದಿನ, ಅದಕ್ಕಿಂತ ಹೆಚ್ಚು ಬೇಡ. ಲೋಳೆಸರ ಒಂದೇ ಮೊಡವೆ ತೆಗೆಯುತ್ತದೆಂದು ನಂಬಬೇಡಿ. ಉರಿ ತಣಿಸುತ್ತದೆ, ಅಷ್ಟು.

ಕೊಡಗಿನ ಜೇನಿಗೆ ಬ್ಯಾಕ್ಟೀರಿಯಾ ತಡೆಯುವ ಗುಣ ಇಲ್ಲವೆಂದಲ್ಲ, ಜೇನಿಗೆಲ್ಲ ಅದು ಇದೆ, ಕಾಯಿಸಿದರೆ ಬಹುಪಾಲು ಹೋಗುತ್ತದೆ. ಆದರೆ ನ್ಯೂಜಿಲೆಂಡಿನಲ್ಲಿ ಅಲ್ಲಿನ ಕಾನುಕಾ ಗಿಡದ ಹೂವಿನ ಜೇನನ್ನು ಮೊಡವೆಗೆ ಹಚ್ಚಿ ನೋಡಿದ ಪರೀಕ್ಷೆ 2016ರಲ್ಲಿ ಪ್ರಕಟವಾದಾಗ, ಬ್ಯಾಕ್ಟೀರಿಯಾ ಕೊಲ್ಲುವ ಸೋಪೊಂದನ್ನೇ ಬಳಸಿದವರಿಗಿಂತ ಜೇನನ್ನೂ ಹಚ್ಚಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಷ್ಟು ಬೆಲೆಯ ಜೇನು ರೊಟ್ಟಿಗೇ ಇರಲಿ. ಕಸ್ತೂರಿ ಅರಿಶಿನದ ಲೇಪ ಹಚ್ಚಲೇಬೇಕೆನಿಸಿದರೆ ವಾರಕ್ಕೊಂದು ಸಲ, 10 ನಿಮಿಷ. ಒಣಗಿ ಬಿರುಕು ಬಿಡುವ ಮೊದಲೇ ತೊಳೆದುಬಿಡಿ.

ಮುಖದ ಹತ್ತಿರ ತರಬಾರದ್ದು

ವಿನೆಗರ್ ಹಚ್ಚಿ ಎಂದು ವಿಡಿಯೊದಲ್ಲಿ ಹೇಳಿದ್ದು ಕೇಳಿ ಕಾಚಂಪುಳಿ ಬಾಟಲಿಗೆ ಕೈ ಹಾಕಬೇಡಿ. ಹಣ್ಣಿನ ರಸವನ್ನು ಕಪ್ಪಾಗುವ ತನಕ ಕುದಿಸಿ ಇಳಿಸಿದ ಹುಳಿ ಅದು. ಒಂದು ಪಾತ್ರೆ ಹಂದಿಮಾಂಸದ ಪಂದಿಕರಿಗೇ ಒಂದೆರಡು ಚಮಚ ಸಾಕಾಗುತ್ತದೆ, ಕೆನ್ನೆಗೆ ಹಚ್ಚಿದರೆ ಸುಟ್ಟ ಕಲೆ ಉಳಿಯಬಹುದು. ನಿಂಬೆರಸವೂ ಅಷ್ಟೇ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆಗಿಂತ ಹೆಚ್ಚು ದಿನ ಕಾಡುವುದು ಆ ಕಲೆಯೇ, ಹಾಗಾಗಿ ಉರಿಯುವುದು ಎಂದರೆ ಕೆಲಸ ಮಾಡುತ್ತಿದೆ ಎಂಬ ಲೆಕ್ಕ ಬಿಟ್ಟುಬಿಡಿ. ಸೋಡಾಪುಡಿ, ಟೂತ್‌ಪೇಸ್ಟ್ ಎರಡೂ ಬೇಡ. ಕಾಫಿ ಚರಟದಿಂದ ತಿಕ್ಕಿದರೆ ಕೀವಿನ ಗುಳ್ಳೆ ಒಡೆದು ಉರಿಯೂತ ಹೆಚ್ಚುತ್ತದೆ. ಚರಟ ಗಿಡದ ಬುಡಕ್ಕೆ ಹಾಕಿ. ತೆಂಗಿನೆಣ್ಣೆ ರಂಧ್ರ ಮುಚ್ಚುತ್ತದೆ, ತಲೆಗೆ ಹಚ್ಚಿದ್ದು ಹಣೆಗೆ ಇಳಿಯದಂತೆಯೂ ನೋಡಿಕೊಳ್ಳಿ.

ಪಂದಿಕರಿ ತಿಂದರೆ ಅದರ ಕೊಬ್ಬು ಮುಖಕ್ಕೆ ಬರುತ್ತದೆ ಎನ್ನುವುದು ಸುಳ್ಳು. ತಿಂದ ಕೊಬ್ಬು ಹಾಗೇ ಮುಖದ ರಂಧ್ರದಿಂದ ಹೊರಬರುವುದಿಲ್ಲ. ಸಕ್ಕರೆ, ಮೈದಾದ ಬೇಕರಿ ತಿಂಡಿ, ಕೆಲವರಿಗೆ ಹಾಲು, ಇವುಗಳ ಮೇಲೇ ಹೆಚ್ಚು ಅನುಮಾನ.

8 ವಾರದ ಲೆಕ್ಕ

ಒಂದು ಸಲಕ್ಕೆ ಒಂದೇ ಮದ್ದು. ಮೂರು ಒಟ್ಟಿಗೆ ಶುರು ಮಾಡಿದರೆ ಯಾವುದು ನಾಟಿತು, ಯಾವುದು ಉರಿಸಿತು ತಿಳಿಯುವುದಿಲ್ಲ. ಮೊದಲ ದಿನ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೊ ತೆಗೆಯಿರಿ, 4 ಮತ್ತು 8ನೇ ವಾರ ಅದೇ ಜಾಗದಲ್ಲಿ ಮತ್ತೆ. ಅರ್ಧದಷ್ಟೂ ಇಳಿಯದಿದ್ದರೆ ಮೆಡಿಕಲ್ ಶಾಪಿನಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5ರದ್ದೇ ಕೇಳಿ. ಶೇ 10ರದ್ದು ಹೆಚ್ಚು ಉರಿಸುತ್ತದೆಯೇ ಹೊರತು ಹೆಚ್ಚು ಗುಣ ಕೊಡುವುದಿಲ್ಲ. ದಿಂಬಿನ ಕವರು, ಟವೆಲ್ ಬಿಳಿ ಬಣ್ಣದ್ದಾಗಿರಲಿ, ಬಣ್ಣದ ಬಟ್ಟೆ ಬಿಳಿಚಿಕೊಳ್ಳುತ್ತದೆ.

ಬೆಳ್ಳಗಾಗುತ್ತೀರಿ ಎಂದು ಯಾರೋ ಕೊಟ್ಟ ಟ್ಯೂಬಿನ ಮೇಲೆ ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಹೊಳೆಯುತ್ತದೆ, ಆಮೇಲೆ ಅದರಿಂದಲೇ ಮೊಡವೆ ಏಳುತ್ತದೆ, ನಿಲ್ಲಿಸಿದರೆ ಇನ್ನೂ ಕೆರಳುತ್ತದೆ. ಇಂಥವರು, ಗಂಟಿನ ಮೊಡವೆ ಇರುವವರು, ಮೊಡವೆಯ ಜೊತೆ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬರುತ್ತಿರುವ ಹೆಣ್ಣುಮಕ್ಕಳು, ಮನೆಮದ್ದಿಗೆ ಕಾಯದೆ ಚರ್ಮದ ವೈದ್ಯರ ಬಳಿ ಹೋಗಿ. ಬಸುರಿಯಾಗಿದ್ದರೆ ಅದನ್ನು ಮೊದಲೇ ಹೇಳಿ, ಮೊಡವೆಯ ಕೆಲವು ಔಷಧಿ ಮಗುವಿಗೆ ಆಗದು. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ಕೊಂಡೊಯ್ಯಿರಿ.