ಕಡಿಮೆ ದುಡ್ಡಿನ ಏರ್ ರೈಫಲ್: ಖರ್ಚು ಎಲ್ಲಿ ಮಾಡಬೇಕು?
ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜ್ ನೋಡಿ ಬಂದ ನಮ್ಮಣ್ಣನ ಮಗ ಮೊದಲು ಕೇಳಿದ್ದೇ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು. ಬೇಡ ಮಾರಾಯ ಅಂದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್ ನಡೆಯುವುದೇ ಇಲ್ಲ. ಆ ದುಡ್ಡನ್ನು ಸಣ್ಣ ತೂತಿನಿಂದ ಗುರಿ ನೋಡುವ ಒಳ್ಳೆಯ ಪೀಪ್ ಸೈಟ್‌ಗೆ ಹಾಕಿ.

ಸುಮ್ನೆ ಗುರಿ ಹೊಡೆಯಲು ಸ್ಪ್ರಿಂಗ್ ರೈಫಲ್ (ಒಳಗಿನ ಸ್ಪ್ರಿಂಗ್ ಗಾಳಿ ಒತ್ತಿ ಗುಂಡು ಹಾರಿಸುವ ಏರ್ ರೈಫಲ್) ಸಾಕು. ಅದಕ್ಕೆ ಸ್ಕೋಪ್ ಬೇಕೇ ಬೇಕು ಅಂದರೆ ಏರ್‌ಗನ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಬೇರೆ ಬಂದೂಕಿಗೆ ಮಾಡಿದ ಗಟ್ಟಿ ಸ್ಕೋಪ್ ಕೂಡ ಇದರ ಮೇಲೆ ಕೆಡಬಹುದು. ಫೋಕಸ್ 10 ಮೀಟರ್‌ಗೆ ಇಳಿಯುತ್ತದಾ ನೋಡಿ. ಝೂಮ್ ಜಾಸ್ತಿ ಬೇಡ, ಕೈ ನಡುಕವೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಮೌಂಟ್ ಮಾತ್ರ ಅಗ್ಗದ್ದು ಬೇಡ, ಜಾರುತ್ತದೆ.

ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) 4.5 ಮಿ.ಮೀ., ಕಾಗದದ ಗುರಿಗೆ ಚಪ್ಪಟೆ ತಲೆಯದ್ದು. ಎರಡು ಮೂರು ಬ್ರ್ಯಾಂಡ್‌ನ ಡಬ್ಬಿ ತಂದು ಹೊಡೆದು ನೋಡಿ. ಯಾವುದು ಒಂದೇ ಕಡೆ ಗುಂಪಾಗಿ ಬೀಳುತ್ತದೋ ಅದನ್ನೇ ಇಟ್ಟುಕೊಳ್ಳಿ.