ಅರ್ಧ ಬಿಡಿಸಿದ ಚಿತ್ರವೂ ಬ್ಲಾಗಿಗೆ ಬರಲಿ

ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಚೆಂದದ ನಾಲ್ಕು ನೋಟಿಸ್ ಬೋರ್ಡಿಗೆ, ಉಳಿದವು ಸ್ಟಾಫ್ ರೂಮಿನ ಕಪಾಟಿಗೆ. ನಮ್ಮ ಮಂಗಳೂರು, ಉಡುಪಿ ಕಡೆ ಒಂದು ಮಳೆಗಾಲ ಕಳೆದರೆ ಕಪಾಟಿನ ಶೀಟುಗಳಿಗೆ ಬೂಷ್ಟು ಹಿಡಿದಿರುತ್ತದೆ.

ತರಗತಿಗೊಂದು ಬ್ಲಾಗ್ ಇದ್ದರೆ ಚಿತ್ರಗಳು ಉಳಿಯುತ್ತವೆ, ನಿಜ. ಆದರೆ ಅದಕ್ಕಿಂತ ದೊಡ್ಡ ಉಪಯೋಗ ಬೇರೆ ಉಂಟು. ಈ ಚಿತ್ರ ಹೇಗೆ ಆಯಿತು, ಎಲ್ಲಿ ಕೈ ತಪ್ಪಿತು, ಆಮೇಲೆ ಏನು ಮಾಡಿದೆ ಎಂದು ಮಗು ತನ್ನದೇ ಮಾತಿನಲ್ಲಿ ಹೇಳಬಹುದು. ಹಾಗಾಗಿ ಶುರುವಿನಲ್ಲೇ ತೀರ್ಮಾನ ಮಾಡಿಕೊಳ್ಳಿ: ಮುಗಿದ ಚಿತ್ರ ಮಾತ್ರ ಹಾಕುವುದಲ್ಲ. ಬಹುಮಾನ ಬಂದದ್ದನ್ನಷ್ಟೇ ತೋರಿಸುವುದಾದರೆ ನೋಟಿಸ್ ಬೋರ್ಡೇ ಸಾಕು, ಸುಮ್ನೆ ಇಷ್ಟೆಲ್ಲ ಕಷ್ಟ ಯಾಕೆ?

ಮೊದಲು ಒಪ್ಪಿಗೆ

ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಆಮೇಲೆ ಪೋಷಕರಿಗೆ ಒಂದು ಚೀಟಿ ಕಳಿಸಿ, ಸಹಿ ಮಾಡಿಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ ಆ ಕಾಯ್ದೆ. ಚೀಟಿಯಲ್ಲಿ ಏನು ಹಾಕುತ್ತೀರಿ, ಏನು ಹಾಕುವುದಿಲ್ಲ ಎರಡನ್ನೂ ಬರೆಯಿರಿ. ಚಿತ್ರ, ಚಿತ್ರ ಬಿಡಿಸುವ ಕೈ, ಮಗುವಿನ ನಾಲ್ಕು ಸಾಲು ಇರಲಿ. ಮುಖ, ಪೂರ್ತಿ ಹೆಸರು, ಮನೆ ಇರುವ ಊರು ಬೇಡ. ಹೆಸರಿನ ಬದಲು ಮಕ್ಕಳೇ ಒಂದೊಂದು ಗುರುತು ಆರಿಸಿಕೊಳ್ಳಲಿ. ಬಂಗುಡೆ, ಕೇದಗೆ, ಅಬ್ಬಲಿಗೆ ಎಂದೆಲ್ಲ ಇಟ್ಟುಕೊಂಡರೆ ಅವರಿಗೂ ಖುಷಿ.

ಬ್ಲಾಗ್ ತೆರೆಯುವುದು

ಇದೇನು ದೊಡ್ಡ ಕೆಲಸವಲ್ಲ. ಮೊದಲ ಸಲಕ್ಕೆ ಗೂಗಲ್‌ನ ಬ್ಲಾಗರ್ ಸುಲಭ. ಉಚಿತ, ಜಿಮೇಲ್ ಖಾತೆ ಇದ್ದರೆ ಆಯಿತು. ಆದರೆ ನಿಮ್ಮ ಸ್ವಂತ ಜಿಮೇಲ್ ಬೇಡ, ಶಾಲೆಯ ಹೆಸರಿನಲ್ಲಿ ಬೇರೆಯೇ ಒಂದು ಮಾಡಿ. ನಾಳೆ ನಿಮಗೆ ವರ್ಗಾವಣೆ ಆದರೆ ಪಾಸ್‌ವರ್ಡ್ ನಿಮ್ಮೊಟ್ಟಿಗೆ ಬೇರೆ ತಾಲ್ಲೂಕಿಗೆ ಹೋಗಬಾರದು ಅಲ್ವಾ?

ಸೆಟ್ಟಿಂಗ್ಸಿನಲ್ಲಿ ಮೂರು ಕಡೆ ಕೈಯಾಡಿಸಿದರೆ ಸಾಕು. ಭಾಷೆ ಕನ್ನಡ ಮಾಡಿ. ಸರ್ಚ್ ಎಂಜಿನ್‌ಗಳಿಗೆ ಕಾಣಿಸುವ ಆಯ್ಕೆಯನ್ನು ಆಫ್ ಮಾಡಿ, ಆಗ ನೀವು ಲಿಂಕ್ ಕೊಟ್ಟವರೇ ಹೆಚ್ಚಾಗಿ ಬರುತ್ತಾರೆ. ಕಮೆಂಟ್ ಯಾರೇ ಬರೆದರೂ ನೀವು ಓದಿ ಒಪ್ಪಿದ ಮೇಲೆಯೇ ಕಾಣುವ ಹಾಗೆ ಇಡಿ. ಆಹ್ವಾನಿಸಿದವರು ಮಾತ್ರ ನೋಡುವಂತೆ ಬೀಗ ಹಾಕಲೂ ಬರುತ್ತದೆ. ಆದರೆ ಆಗ ಪ್ರತಿ ಪೋಷಕರೂ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕು, ಅರ್ಧ ಜನ ಅಲ್ಲೇ ಕೈಬಿಡುತ್ತಾರೆ. ಮುಖ, ಹೆಸರು ಇಲ್ಲದ ಬ್ಲಾಗಿಗೆ ಅಷ್ಟು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಬೇರೆ ಬೇರೆ ಖಾತೆಯೂ ಬೇಡ. ಹಾಕುವ ಕೆಲಸ ನಿಮ್ಮದೇ ಇರಲಿ.

ಫೋಟೋದಲ್ಲೇ ಇರುವುದು ಎಲ್ಲ

ಬ್ಲಾಗ್ ಸೋಲುವುದು ಹೆಚ್ಚಾಗಿ ಫೋಟೋದಲ್ಲಿ. ಟ್ಯೂಬ್‌ಲೈಟಿನ ಕೆಳಗೆ ಬೆಂಚಿನ ಮೇಲೆ ಶೀಟ್ ಇಟ್ಟು ಕ್ಲಿಕ್ಕಿಸಿದರೆ ತೆಗೆಯುವವರ ನೆರಳೇ ಚಿತ್ರದ ಮೇಲೆ ಬೀಳುತ್ತದೆ. ಶೀಟನ್ನು ಜಗಲಿಗೆ ತನ್ನಿ. ನೇರ ಬಿಸಿಲು ಬೇಡ, ಮಾಡಿನ ನೆರಳಿನಲ್ಲಿ ಬರುವ ಬೆಳಕು ಸಾಕು. ಆ ಮಟ್ಟಿಗೆ ಮೋಡದ ದಿನ ಒಳ್ಳೆಯದೇ, ಬೆಳಕು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಆದರೆ ಮಳೆಗಾಲದ ತೇವಕ್ಕೆ ಕಾಗದ ಡೊಂಕಾಗುತ್ತದೆ, ರಟ್ಟಿಗೆ ನಾಲ್ಕು ಮೂಲೆಯಲ್ಲೂ ಕ್ಲಿಪ್ ಹಾಕಿ. ಫೋನನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಓರೆ ಮಾಡಿದರೆ ಚೌಕ ಚಿತ್ರದ ಒಂದು ತುದಿ ಕಿರಿದಾಗಿ ಕಾಣುತ್ತದೆ. ಫ್ಲ್ಯಾಶ್ ಯಾವತ್ತೂ ಬೇಡ. ಆಯಿಲ್ ಪೇಸ್ಟಲ್ ಚಿತ್ರವಾದರಂತೂ ಮೇಣ ಮಿಂಚಿ ಬಣ್ಣವೇ ಕಾಣುವುದಿಲ್ಲ.

ಒಂದು ಚಿತ್ರಕ್ಕೆ ಕಡಿಮೆ ಅಂದರೂ ಮೂರು ಫೋಟೋ ಇರಲಿ. ಪೆನ್ಸಿಲ್ ಗೆರೆ ಮುಗಿದಾಗ ಒಂದು, ಬಣ್ಣ ಅರ್ಧವಾದಾಗ ಒಂದು, ಕೊನೆಗೆ ಒಂದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಇರಲಿ, ಇಲ್ಲದಿದ್ದರೆ ಎಲ್ಲಿ ತೆಗೆದದ್ದು ಎಂಬುದು ಫೋಟೋದೊಳಗೇ ದಾಖಲಾಗಿರುತ್ತದೆ. ಮತ್ತೊಂದು ಮಾತು. ಫೋನಿನಿಂದ ಕಂಪ್ಯೂಟರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಮಾನ್ಯ ಫೋಟೋ ತರಹ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಗೆರೆಗಳು ಮಸುಕಾಗುತ್ತವೆ.

ಬರೆಸುವುದು ಹೇಗೆ

‘ನಿನ್ನ ಚಿತ್ರದ ಬಗ್ಗೆ ಬರಿ’ ಎಂದರೆ ‘ನಾನು ಹುಲಿವೇಷದ ಚಿತ್ರ ಬಿಡಿಸಿದೆ, ನನಗೆ ತುಂಬಾ ಇಷ್ಟವಾಯಿತು’ ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಪ್ರಶ್ನೆ ಸಣ್ಣದಿರಬೇಕು. ಮೊದಲು ಯಾವ ಬಣ್ಣ ಹಚ್ಚಿದೆ? ಎಲ್ಲಿ ಅಳಿಸಿದೆ? ಎರಡನೇ ಫೋಟೋದಲ್ಲಿ ಇದ್ದದ್ದು ಮೂರನೆಯದರಲ್ಲಿ ಯಾಕಿಲ್ಲ?

ಹುಲಿವೇಷವನ್ನೇ ತೆಗೆದುಕೊಳ್ಳಿ. ಮಂಗಳೂರಿನಲ್ಲಿ ನವರಾತ್ರಿಗೆ, ಉಡುಪಿಯಲ್ಲಿ ಅಷ್ಟಮಿಗೆ ಎಲ್ಲ ಮಕ್ಕಳೂ ನೋಡಿರುತ್ತಾರೆ. ವಾಟರ್ ಕಲರಿನಲ್ಲಿ ಬಿಡಿಸುವಾಗ ಹಳದಿ ಹಸಿ ಇರುವಾಗಲೇ ಕಪ್ಪು ಪಟ್ಟೆ ಎಳೆಯುತ್ತಾರೆ. ಕಪ್ಪು ಹರಡಿ ಹುಲಿ ಕೊಳಕಾಗುತ್ತದೆ. ಆ ಹಂತದ ಫೋಟೋವನ್ನು ಬ್ಲಾಗಿಗೆ ಹಾಕಿಸಿ, ಕೆಳಗೆ ಕೇಳಿ: ವೇಷ ಹಾಕುವವರ ಮೈಗೆ ಬಣ್ಣ ಬಳಿಯುವಾಗ ಹೀಗೆ ಹರಡುವುದಿಲ್ಲ, ಯಾಕೆ? ನೋಡಿ ಬಂದವರು ಹೇಳುತ್ತಾರೆ: ಮೊದಲಿನ ಬಣ್ಣ ಒಣಗುವ ತನಕ ಕಾಯುತ್ತಾರೆ, ಆಮೇಲೆ ಪಟ್ಟೆ. ನೀವು ಬೋರ್ಡಿನ ಮೇಲೆ ಹತ್ತು ಸಲ ಹೇಳಿದ್ದು ಇಲ್ಲಿ ಮಕ್ಕಳ ಬಾಯಿಂದಲೇ ಬಂತು. ಯಕ್ಷಗಾನದ ಮುಖವರ್ಣಿಕೆಗೂ, ಮಲ್ಪೆ ಬಂದರಿನ ದೋಣಿಗಳಿಗೂ ಇಂಥ ಪ್ರಶ್ನೆ ಹುಡುಕಬಹುದು.

ಬರಹ ತಿದ್ದಲು ಹೋಗಬೇಡಿ. ಕಾಗುಣಿತ ಬೇಕಾದರೆ ಸರಿ ಮಾಡಿ, ಮಾತು ಅವರದ್ದೇ ಇರಲಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ನಡುವೆ ಆ ಮಾತು ತಂದರೆ ಬ್ಲಾಗಿಗೆ ಚೆಂದವೇ. ಟೈಪಿಂಗ್ ಬಾರದವರಿಗೆ ಫೋನಿನ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಇದೆ.

ದೊಡ್ಡವರ ಚಿತ್ರ ಹಾಕುವಾಗ

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖೆಗಳನ್ನು ಮಕ್ಕಳಿಗೆ ತೋರಿಸದೆ ಇಲ್ಲಿ ಚಿತ್ರಕಲೆ ಕಲಿಸುವುದು ಹೇಗೆ? ಆದರೆ ನೆಟ್ಟಿನಿಂದ ಅವರ ಚಿತ್ರ ಇಳಿಸಿ ಬ್ಲಾಗಿಗೆ ಅಂಟಿಸಬೇಡಿ. ನಮ್ಮಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಚಿತ್ರವನ್ನು ಕ್ಲಾಸಿನಲ್ಲಿ ತೋರಿಸಿ. ಅದನ್ನು ನೋಡಿದ ಮೇಲೆ ಮಕ್ಕಳು ಕೈ ಎತ್ತದೆ ಒಂದೇ ಗೆರೆಯಲ್ಲಿ ಬಿಡಿಸಿದ್ದನ್ನು ಬ್ಲಾಗಿಗೆ ಹಾಕಿ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಮಾಡುಗಳ ಚಿತ್ರಗಳದ್ದು ಬೇರೆ ಕಥೆ. ಬಿಡಿಸಿದ ಇಟಲಿಯ ಆಂಟೋನಿಯೊ ಮೊಸ್ಕೇನಿ 1905ರಲ್ಲೇ ತೀರಿಕೊಂಡರು, ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ಹಾಗಂತ ಒಳಗೆ ಹೋಗಿ ಫೋನ್ ಎತ್ತಬೇಡಿ, ಅಲ್ಲಿನವರ ಅನುಮತಿ ಕೇಳಿ. ಸಿಗದಿದ್ದರೆ ನೋಡಿ ಬಂದು ನೆನಪಿನಿಂದ ಬಿಡಿಸಲಿ. ನನಗೆ ಕೇಳಿದರೆ ಅದೇ ಮೇಲು.

ಕಮೆಂಟ್

‘ಸೂಪರ್’, ‘ಚಂದ ಉಂಟು’ ಬೇಡ ಎಂದು ಮೊದಲೇ ಹೇಳಿಬಿಡಿ. ಎರಡು ಸಾಲು ಕಡ್ಡಾಯ: ಚಿತ್ರದಲ್ಲಿ ನನಗೆ ಕಂಡದ್ದು ಒಂದು, ಬಿಡಿಸಿದವರಿಗೆ ಒಂದು ಪ್ರಶ್ನೆ. ಚೀಟಿಯಲ್ಲಿ ಬರೆದು ಕೊಡಲಿ, ಒಬ್ಬರು ಕೂತು ಟೈಪ್ ಮಾಡಲಿ. ಬಿಡಿಸಿದ ಮಗು ಮುಂದಿನ ವಾರ ಉತ್ತರ ಕೊಡಬೇಕು. ಅಜ್ಜಿಯರಿಂದ ಕಮೆಂಟ್ ಬಂದರೆ ಈ ನಿಯಮ ಸಡಿಲ ಮಾಡಿ, ಅವರು ಚಂದ ಉಂಟು ಅಂತಲೇ ಹೇಳುವುದು.

ಸಮಯ, ಜೋಪಾನ

ಎಲ್ಲರ ಚಿತ್ರವನ್ನೂ ಎಲ್ಲ ವಾರವೂ ಹಾಕಲು ಹೋದರೆ ಎರಡೇ ತಿಂಗಳಲ್ಲಿ ಸುಸ್ತು. 40 ಮಕ್ಕಳಿದ್ದರೆ ಐದೈದು ಜನರ ಎಂಟು ಗುಂಪು ಮಾಡಿ. ವಾರಕ್ಕೆ ಒಂದು ಗುಂಪು, ಒಂದೇ ಪೋಸ್ಟ್. ಪ್ರತಿ ಪೋಸ್ಟಿಗೆ ಮಗುವಿನ ಗುರುತಿನ ಲೇಬಲ್ ಹಾಕಿದರೆ ವರ್ಷದ ಕೊನೆಗೆ ಒಂದೇ ಕ್ಲಿಕ್ಕಿಗೆ ‘ಬಂಗುಡೆ’ಯ ಎಲ್ಲ ಚಿತ್ರ ಸಾಲಾಗಿ ಬರುತ್ತವೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಗಿಂತ ಇದು ಜಾಸ್ತಿ ಮಾತಾಡುತ್ತದೆ.

ಶಾಲೆಯ ಇನ್ನೊಬ್ಬರು ಶಿಕ್ಷಕರನ್ನೂ ಬ್ಲಾಗಿನ ಅಡ್ಮಿನ್ ಮಾಡಿ. ತಿಂಗಳಿಗೊಮ್ಮೆ ಸೆಟ್ಟಿಂಗ್ಸಿನಲ್ಲಿ ಬ್ಯಾಕಪ್ ಇಳಿಸಿಕೊಳ್ಳಿ. ಫೋಟೋಗಳಿಗೆ ಆ ಬ್ಯಾಕಪ್ ಒಂದನ್ನೇ ನಂಬಿ ಕೂರಬೇಡಿ. ಮೂಲ ಫೋಟೋಗಳನ್ನು ತರಗತಿವಾರು ಫೋಲ್ಡರ್ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.