ನೇತ್ರಾಣಿ ಡೈವಿಂಗ್‌ಗೆ ಹೊರಟಿದ್ದೀರಾ? ರೂಮಿನ ಲೆಕ್ಕ ಹೀಗೆ ಹಾಕಿ

ನೇತ್ರಾಣಿ ದ್ವೀಪದ ಬಳಿಯ ಸ್ಕೂಬಾ ಡೈವಿಂಗ್‌ಗೆ ತಿಂಗಳು ಮೊದಲೇ ದುಡ್ಡು ಕಟ್ಟಿ, ರೂಮ್ ಮಾತ್ರ ದೋಣಿ ಹೊರಡುವ ಮುರ್ಡೇಶ್ವರದಲ್ಲಿ ಇಳಿದ ಮೇಲೆ ಹುಡುಕುವವರೇ ಹೆಚ್ಚು. ಅದೂ ಶನಿವಾರ ಸಂಜೆ, ಹೆಗಲ ಮೇಲೆ ಬ್ಯಾಗು ಹೊತ್ತು. ಆ ಹೊತ್ತಿನಲ್ಲಿ ಲಾಡ್ಜಿನವರು ಹೇಳಿದ್ದೇ ದರ.

ಮೊದಲು ಡೈವಿಂಗ್ ದಿನ ಗಟ್ಟಿ ಮಾಡಿಕೊಳ್ಳಿ, ರೂಮ್ ಆಮೇಲೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಮಂಗಳವಾರ, ಬುಧವಾರವಾದರೆ ಬಾಡಿಗೆ ಚೌಕಾಶಿ ಮಾಡಬಹುದು. ಮಹಾಶಿವರಾತ್ರಿ ಮತ್ತು ಡಿಸೆಂಬರ್ ಕೊನೆಯ ವಾರದ ಆಸೆ ಬಿಡಿ.

ಎರಡನೆಯದು, ಎಷ್ಟು ರಾತ್ರಿ ಎಂಬ ಲೆಕ್ಕ. ಎಡವುವುದು ಇಲ್ಲೇ. ಹುಬ್ಬಳ್ಳಿಯಿಂದ ಮುರ್ಡೇಶ್ವರಕ್ಕೆ ಸುಮಾರು 200 ಕಿ.ಮೀ.; ದೋಣಿ ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ರಾತ್ರಿ ಅಲ್ಲೇ ತಂಗಬೇಕು ಎಂಬುದು ಎಲ್ಲರಿಗೂ ಗೊತ್ತು. ಡೈವ್ ಮುಗಿದ ದಿನದ ರಾತ್ರಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಧ್ಯಾಹ್ನ ಉಂಡು ಕಾರು ಹತ್ತಿದರೆ ರಾತ್ರಿ ಊಟಕ್ಕೆ ಮನೆ ಎಂದುಕೊಂಡಿರುತ್ತಾರೆ.

ಹಾಗೆ ಮಾಡಬಾರದು. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕೂತಿರುತ್ತದೆ. ಮೇಲೆ ಬಂದ ನಂತರ ಅದು ಪೂರ್ತಿ ಹೊರಬೀಳಲು ತಾಸುಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಏರಿದರೆ ಸುತ್ತಲಿನ ಒತ್ತಡ ತಗ್ಗಿ, ಸೋಡಾ ಬಾಟಲಿ ಒಡೆದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲುನೋವು, ಜೋಮು, ತಲೆಸುತ್ತು ಇದರ ಲಕ್ಷಣ. ಡೈವ್ ಆದ ಕೂಡಲೇ ವಿಮಾನ ಹತ್ತಬೇಡಿ ಎಂದು ಬೋಧಕರು ಹೇಳಿದ್ದನ್ನು ಕೇಳಿ ತಲೆ ಆಡಿಸಿದವರೇ ಸಂಜೆ ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿಬಿಡುತ್ತಾರೆ. ಡೈವರ್‌ಗಳ ಸುರಕ್ಷತೆಗೆ ದುಡಿಯುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಕಾಯುವ ಅವಧಿ 2000 ಅಡಿಯಿಂದ ಮೇಲಿನ ಎತ್ತರಕ್ಕೆ ಅನ್ವಯಿಸುತ್ತದೆ. ಹುಬ್ಬಳ್ಳಿ, ಗದಗ ಎರಡೂ ಆ ಗೆರೆಗಿಂತ ಮೇಲಿವೆ, ಧಾರವಾಡ ಇನ್ನೂ ಎತ್ತರ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ತಾಸು, ಎರಡು ಅಥವಾ ಹೆಚ್ಚಾದರೆ ಕನಿಷ್ಠ 18 ತಾಸು ಕಾಯಬೇಕು. ಬೆಳಿಗ್ಗೆ 11ಕ್ಕೆ ಎರಡನೇ ಡೈವ್ ಮುಗಿಸಿದವರು ಮರುದಿನ ಬೆಳಿಗ್ಗೆ 5ರವರೆಗೆ ಘಟ್ಟ ಹತ್ತುವಂತಿಲ್ಲ. ಅಂದರೆ ಎರಡು ರಾತ್ರಿಯ ಬಾಡಿಗೆ. ಉಳಿಸುವುದಾದರೆ ಬೇರೆ ಕಡೆ ಉಳಿಸಿ.

ಎಲ್ಲಿ ಎಂದರೆ, ಚೆಕ್‌ಔಟ್ ಸಮಯದಲ್ಲಿ. ಲಾಡ್ಜಿಗೆ ಫೋನ್ ಹಚ್ಚಿದಾಗ ಬಾಡಿಗೆ ಎಷ್ಟೆನ್ನುವ ಮೊದಲು ಕೇಳಿ: ‘24 ತಾಸಿನ ಲೆಕ್ಕನೋ, ಮಧ್ಯಾಹ್ನ 12ರ ಲೆಕ್ಕನೋ ರೀ?’ 12ರ ಲೆಕ್ಕವಾದರೆ ನೀವಿನ್ನೂ ದೋಣಿಯಲ್ಲಿ ಇರುವಾಗಲೇ ಎರಡನೇ ದಿನದ ಬಾಡಿಗೆ ಶುರು. 24 ತಾಸಿನ ಲಾಡ್ಜಿನಲ್ಲಿ ರಾತ್ರಿ 11ಕ್ಕೆ ರೂಮ್ ಹಿಡಿದರೆ ಮರುದಿನ ರಾತ್ರಿ 11ರವರೆಗೆ ಅದು ನಿಮ್ಮದು. ಒಂದೇ ಡೈವ್ ಮಾಡಿ ಬೆಳಿಗ್ಗೆ 11ಕ್ಕೆ ಮೇಲೆ ಬಂದವರಿಗೆ ಅಷ್ಟರಲ್ಲಿ 12 ತಾಸೂ ತುಂಬಿರುತ್ತದೆ. ಒಂದು ದಿನದ ಬಾಡಿಗೆಯಲ್ಲಿ ಮುಗಿಸಿ ಆಮೇಲೆ ಘಟ್ಟ ಹತ್ತಬಹುದು. ರಿಜಿಸ್ಟರಿನಲ್ಲಿ ಬರೆದ ಸಮಯ ನೋಡಿಯೇ ಸಹಿ ಹಾಕಿ. 11ಕ್ಕೆ ಬಂದವರ ಮುಂದೆ 9 ಎಂದು ಬರೆಯುವ ಕೈಗಳೂ ಇವೆ. ಹೇಳಿದ ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂಬುದನ್ನೂ ಆಗಲೇ ಕೇಳಿಬಿಡಿ.

ಸಮುದ್ರ ಕಾಣುವ ರೂಮ್ ಬೇಡವೇ ಬೇಡ. ಬೆಳಗೆಲ್ಲ ಸಮುದ್ರದಲ್ಲೇ ಇರುವವರಿಗೆ ಕಿಟಕಿಯಿಂದ ನೋಡಲು ಹೆಚ್ಚಿನ ದುಡ್ಡು ಯಾಕೆ? ದೇವಸ್ಥಾನದಿಂದ ಹೆದ್ದಾರಿ ಕಡೆಗೆ ಸರಿದಷ್ಟೂ ದರ ಇಳಿಯುತ್ತದೆ. ಸ್ವಂತ ಗಾಡಿ ಇದ್ದರೆ ಭಟ್ಕಳದಲ್ಲೂ ವಿಚಾರಿಸಿ, ಹದಿನೈದು ಕಿ.ಮೀ. ಆಸುಪಾಸು. ಗಾಡಿ ಇಲ್ಲದವರು ಅಲ್ಲಿ ಉಳಿಯಬೇಡಿ. ಬೆಳಗಿನ ಆಟೋ ಖರ್ಚು ಉಳಿತಾಯವನ್ನು ನುಂಗುತ್ತದೆ.

ರೂಮ್ ನೋಡಲು ಹೋದಾಗ ಹಾಸಿಗೆಗಿಂತ ಮೊದಲು ನಲ್ಲಿ ತಿರುಗಿಸಿ, ಒಂದು ಹನಿ ನಾಲಿಗೆಗೆ ಹಚ್ಚಿ. ದಡದ ಸಮೀಪದ ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಮೈಯೂ ತೊಳೆಯದು, ಮಾಸ್ಕೂ ತೊಳೆಯದು. ಬಿಸಿನೀರು ಬೆಳಿಗ್ಗೆ ಎರಡು ತಾಸು ಮಾತ್ರ ಬಿಡುವ ಲಾಡ್ಜ್ ಡೈವರ್‌ಗಳಿಗೆ ಕೆಲಸಕ್ಕೆ ಬಾರದು, ನೀವು ಚಳಿ ಹತ್ತಿ ಬರುವುದು ಮಧ್ಯಾಹ್ನ. ಬಟ್ಟೆ ಹರವಲು ಬಾಲ್ಕನಿಯಾದರೂ ತಾರಸಿಯಾದರೂ ಇರಲಿ. ಹಗ್ಗ, ನಾಲ್ಕು ಕ್ಲಿಪ್ಪು ಮನೆಯಿಂದಲೇ ಒಯ್ಯಿರಿ. ದಡದ ಅಂಗಡಿಗಳಲ್ಲಿ ತೂಗುಬಿಟ್ಟಿರುವ ಮೊಬೈಲ್ ಪೌಚ್ ಕೊಳ್ಳಬೇಡಿ: 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, ಆ ಪ್ಲಾಸ್ಟಿಕ್ ಜಿಪ್ ತಡೆಯುವುದಿಲ್ಲ.

ದೋಣಿ ಹೊರಡುವ ಹೊತ್ತಿಗೆ ಹೋಟೆಲ್ ತೆರೆಯುತ್ತದೆ ಎಂಬ ಭರವಸೆ ಬೇಡ. ಬಾಳೆಹಣ್ಣು, ಒಗ್ಗರಣೆ ಇಲ್ಲದ ಅವಲಕ್ಕಿ ಸಾಕು. ಹುಬ್ಬಳ್ಳಿಯಿಂದ ಕಟ್ಟಿಸಿಕೊಂಡು ಬಂದ ಗಿರ್ಮಿಟ್-ಮಿರ್ಚಿ ಮುಂಜಾನೆ ತಿಂದವರು ದೋಣಿಯ ಅಂಚಿಗೆ ಬಾಗಿಯೇ ದ್ವೀಪ ಮುಟ್ಟುತ್ತಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ರಾತ್ರಿಗಿರಲಿ.

ಮುಂಗಡ ಕೊಡುವ ಮೊದಲು ಕೊನೆಯ ಪ್ರಶ್ನೆ: ಸಮುದ್ರ ಕೆರಳಿ ದೋಣಿ ರದ್ದಾದರೆ ಆ ಮುಂಗಡವನ್ನು ಬೇರೆ ದಿನಕ್ಕೆ ಹಿಡಿಯುತ್ತಾರೋ ಇಲ್ಲವೋ? ‘ನೋಡೋಣ’ ಎಂದರೆ ಬೇರೆ ಲಾಡ್ಜಿಗೆ ಫೋನ್ ಹಚ್ಚಿ. ಹೂಂ ಎಂದರೆ ಅದನ್ನೇ ವಾಟ್ಸಾಪಿನಲ್ಲಿ ಬರೆಸಿಕೊಂಡು, ನಂತರ ದುಡ್ಡು ಹಾಕಿ.